ದೊಡ್ಡ ಸೆಲ್ಲಿನ ಜಾಗದಲ್ಲಿ ಪೆನ್ಸಿಲ್ ಸೆಲ್: ಅಡಾಪ್ಟರ್ ಎಲ್ಲಿ ಒಗ್ಗುತ್ತದೆ, ಎಲ್ಲಿ ಒಗ್ಗುವುದಿಲ್ಲ

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನುತ್ತಾರೆ. ಒಳಗೆ ಹಾಕುವುದು ಸೆಲ್, ಹಳಬರ ಬಾಯಲ್ಲಿ ಶೆಲ್ಲು. ನಾನು ಇರುವುದು ಕಾರವಾರದಲ್ಲಿ, ಮೂಲ ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ಮಳೆಗಾಲಕ್ಕೆ ಮೊದಲು ಆಯಿಯ, ಅಂದರೆ ಅಮ್ಮನ, ಫೋನ್ ಬಂದೇ ಬರುತ್ತದೆ: "ತಮಾ, ಬಪ್ಪಕಾದ್ರೆ ಬ್ಯಾಟ್ರಿಗೆ ಶೆಲ್ಲು ತಗಂಡು ಬಾ." ಹೀಗೆ ವರ್ಷವರ್ಷ ತಂದು, ಬಳಸಿ, ತೆಗೆದಿಟ್ಟ ದೊಡ್ಡ ಸೆಲ್ಲುಗಳು ಅಟ್ಟದ ಮೇಲೆ ಒಂದು ತಗಡಿನ ಡಬ್ಬಿ ತುಂಬಾ ಇದ್ದವು. ಒಮ್ಮೆ ಅದನ್ನು ಎತ್ತಲು ಹೋದೆ. ಡಬ್ಬಿ ಕೈಗೆ ಬಂತು, ತಳ ಅಲ್ಲೇ ಉಳಿಯಿತು. ಸೆಲ್ಲುಗಳು ಸೋರಿ, ಕಂದು ನೀರು ಹರಿದು, ತಗಡು ತಿಂದುಹೋಗಿತ್ತು. ಹಲಗೆಯ ಮೇಲೂ ಕಲೆ.

ಆವತ್ತೇ ರೀಚಾರ್ಜ್ ಮಾಡುವ ಸೆಲ್ಲಿಗೆ ಬದಲಾಗೋಣ ಅಂತ ತೀರ್ಮಾನಿಸಿದೆ. ಆದರೆ ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್ ಸುಲಭವಾಗಿ ಸಿಗುತ್ತದೆ, ದೊಡ್ಡ ಸೆಲ್ ಸಿಗುವುದು ಕಷ್ಟ. ಆಗ ಗೊತ್ತಾಗಿದ್ದು ಅಡಾಪ್ಟರ್. ಒಂದು ಪ್ಲಾಸ್ಟಿಕ್ ಡಬ್ಬಿ, ಹೊರಗಿನಿಂದ ದೊಡ್ಡ ಸೆಲ್ಲಿನ ಗಾತ್ರ. ಒಳಗೆ ಪೆನ್ಸಿಲ್ ಸೆಲ್ ಕೂರಿಸಿ ಮುಚ್ಚಿದರೆ ದೊಡ್ಡ ಸೆಲ್ಲಿನ ಜಾಗದಲ್ಲಿ ಸರಿಯಾಗಿ ಕೂರುತ್ತದೆ. ಅದನ್ನು ಎರಡೂ ಮನೆಯಲ್ಲಿ, ಟಾರ್ಚಿನಿಂದ ಹಿಡಿದು ಗ್ಯಾಸ್ ಗೀಸರ್‌ವರೆಗೆ ಹಾಕಿ ನೋಡಿದ್ದೇನೆ. ಕೆಲವು ಕಡೆ ಖುಷಿಯಾಗಿದೆ, ಕೆಲವು ಕಡೆ ತಲೆಗೆ ಸೋಪು ಹಚ್ಚಿಕೊಂಡು ತಣ್ಣೀರಿನಲ್ಲಿ ನಿಂತಿದ್ದೇನೆ. ನೀವು ದುಡ್ಡು ಹಾಕುವ ಮೊದಲು ಇದನ್ನು ಓದಿದರೆ ಉಪಯೋಗವಾದೀತು.

ಅಂಗಿ ದೊಡ್ಡದು, ಆಳು ಸಣ್ಣವನು

ಮೊದಲು ಅಳತೆ. ಪೆನ್ಸಿಲ್ ಸೆಲ್ ಅಂದರೆ ಎಎ, 14.5 ಮಿಲಿಮೀಟರ್ ದಪ್ಪ, 50.5 ಮಿಲಿಮೀಟರ್ ಉದ್ದ. ರಿಮೋಟಿನ ಸಣ್ಣ ಸೆಲ್ ಎಎಎ, 10.5 ದಪ್ಪ, 44.5 ಉದ್ದ. ಟಾರ್ಚಿನ ದೊಡ್ಡ ಸೆಲ್ ಡಿ, ಸುಮಾರು 34 ದಪ್ಪ, 61.5 ಉದ್ದ. ನಡುವೆ ಸಿ ಅನ್ನುವ ಒಂದು ಅಳತೆ ಇದೆ. ಅದರ ಉದ್ದ ಪೆನ್ಸಿಲ್ ಸೆಲ್ಲಿನಷ್ಟೇ, ದಪ್ಪ ಮಾತ್ರ ಜಾಸ್ತಿ. ಹಾಗಾಗಿ ಸಿ ಅಡಾಪ್ಟರ್ ಅಂದರೆ ಬರೀ ಒಂದು ಪ್ಲಾಸ್ಟಿಕ್ ಕೊಳವೆ. ನಮ್ಮ ಮನೆಗಳಲ್ಲಿ ಸಿ ಸೆಲ್ಲಿನ ಸಾಮಾನು ಇರುವುದೇ ಕಡಿಮೆ, ಅದನ್ನು ಇಲ್ಲಿಗೇ ಬಿಡುತ್ತೇನೆ.

ಡಿ ಅಡಾಪ್ಟರಿನ ಕತೆ ಬೇರೆ. ಅಲ್ಲಿ ದಪ್ಪದ ಜೊತೆ 11 ಮಿಲಿಮೀಟರ್ ಉದ್ದವನ್ನೂ ತುಂಬಿಸಬೇಕು. ಅದಕ್ಕೆ ಒಂದು ತುದಿಯಲ್ಲಿ ಲೋಹದ ಬಿಲ್ಲೆ ಅಥವಾ ತಗಡಿನ ಪಟ್ಟಿ ಇಟ್ಟಿರುತ್ತಾರೆ. ಕರೆಂಟ್ ಆ ಬಿಲ್ಲೆಯನ್ನು ದಾಟಿಕೊಂಡೇ ಹೋಗಬೇಕು. ಅದು ಸಡಿಲವಾದರೆ, ತುಕ್ಕು ಹಿಡಿದರೆ, ಸೆಲ್ ತುಂಬಿದ್ದರೂ ಟಾರ್ಚ್ ಹತ್ತುವುದಿಲ್ಲ. ಅಡಾಪ್ಟರಿನ ತೊಂದರೆಗಳಲ್ಲಿ ಅರ್ಧಕ್ಕರ್ಧ ಈ ಬಿಲ್ಲೆಯದ್ದೇ ಅನ್ನುವುದು ನನ್ನ ಅನುಭವ.

ಇನ್ನು ಸೆಲ್ಲಿನ ಹೊಟ್ಟೆಯ ಲೆಕ್ಕ. ಒಳ್ಳೆಯ ರೀಚಾರ್ಜ್ ಪೆನ್ಸಿಲ್ ಸೆಲ್ ಒಂದರಲ್ಲಿ ಸುಮಾರು 2000 ಎಂಎಎಚ್ (ಮಿಲಿಆಂಪಿಯರ್ ಅವರ್, ಚಾರ್ಜಿನ ಅಳತೆ) ಹಿಡಿಯುತ್ತದೆ. ಆಲ್ಕಲೈನ್ (ರೀಚಾರ್ಜ್ ಆಗದ, ಹೆಚ್ಚು ಬಾಳುವ ಬಗೆ) ದೊಡ್ಡ ಸೆಲ್ಲಿನಲ್ಲಿ 12,000ಕ್ಕೂ ಜಾಸ್ತಿ. ಅಂದರೆ ಅಡಾಪ್ಟರಿನಲ್ಲಿ ಒಂದು ಪೆನ್ಸಿಲ್ ಸೆಲ್ ಹಾಕಿದರೆ ಆರನೇ ಒಂದು ಪಾಲು ಅಷ್ಟೇ. ಯಕ್ಷಗಾನದಲ್ಲಿ ಸಣ್ಣ ಹುಡುಗನಿಗೆ ದೊಡ್ಡ ಕಿರೀಟ, ಭುಜಕೀರ್ತಿ ಎಲ್ಲ ಕಟ್ಟಿ ರಂಗಕ್ಕೆ ಬಿಡಬಹುದು. ನೋಡಲು ಬಣ್ಣದ ವೇಷದ ಹಾಗೇ ಕಾಣುತ್ತಾನೆ. ಬೆಳಗಿನವರೆಗೆ ಕುಣಿಯುವ ಶಕ್ತಿ ಎಲ್ಲಿಂದ ಬರಬೇಕು? ಅಡಾಪ್ಟರ್ ಕೊಳ್ಳುವಾಗ ನಾನು ಮೊದಲು ಕೇಳುವುದು ಇದನ್ನೇ: ಈ ಸಾಮಾನು ಎಷ್ಟು ಕರೆಂಟ್ ಎಳೆಯುತ್ತದೆ, ಎಷ್ಟು ಹೊತ್ತು ಎಳೆಯುತ್ತದೆ?

ಮೂರನೆಯದು ವೋಲ್ಟ್. ಸಾದಾ ಸೆಲ್ 1.5 ವೋಲ್ಟ್, ರೀಚಾರ್ಜ್ ಸೆಲ್ 1.2. ಇದನ್ನು ಕೇಳಿದ ಕೂಡಲೇ ಬಹಳ ಜನ ಬೇಡವೇ ಬೇಡ ಅನ್ನುತ್ತಾರೆ. ಅಷ್ಟು ಹೆದರಬೇಕಿಲ್ಲ. ಸಾದಾ ಸೆಲ್ 1.5 ಇರುವುದು ಹೊಸದರಲ್ಲಿ ಮಾತ್ರ. ಬಳಸುತ್ತಾ ಹೋದ ಹಾಗೆ ಅದು 1.3, 1.2, 1.1 ಅಂತ ಇಳಿಯುತ್ತಲೇ ಇರುತ್ತದೆ. ರೀಚಾರ್ಜ್ ಸೆಲ್ ಹಾಗಲ್ಲ, ಕೊನೆ ಬರುವವರೆಗೂ 1.2ರ ಆಸುಪಾಸಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಳೇ ಎರಡು ಸೆಲ್ಲಿನ ಟಾರ್ಚಿನ ಬಲ್ಬನ್ನು ತಿರುಗಿಸಿ ತೆಗೆದು ಕೊರಳನ್ನು ನೋಡಿ. ಹೆಚ್ಚಿನವುಗಳಲ್ಲಿ 2.5 ವೋಲ್ಟ್ ಎಂದು ಕೆತ್ತಿರುತ್ತದೆ. ಎರಡು ಸೆಲ್ಲಿಗೆ 3 ವೋಲ್ಟ್ ಆಗಬೇಕಿತ್ತು ಅಲ್ವಾ? ಸೆಲ್ ಕೆಲಸ ಮಾಡುವಾಗ ವೋಲ್ಟ್ ಇಳಿಯುತ್ತದೆ ಅನ್ನುವುದು ಬಲ್ಬ್ ಮಾಡಿದವರಿಗೂ ಗೊತ್ತಿತ್ತು. ಎರಡು ರೀಚಾರ್ಜ್ ಸೆಲ್ ಸೇರಿದರೆ 2.4. ಆ ಬಲ್ಬಿಗೆ ಅಷ್ಟು ಸಾಕು.

ಸೆಲ್ಲುಗಳ ಸಂಖ್ಯೆ ಜಾಸ್ತಿಯಾದಾಗ ಮಾತ್ರ ಈ ವ್ಯತ್ಯಾಸ ಕೂಡುತ್ತಾ ಹೋಗುತ್ತದೆ. ನಾಲ್ಕು ಸೆಲ್ಲಿಗೆ 6ರ ಬದಲು 4.8, ಆರು ಸೆಲ್ಲಿಗೆ 9ರ ಬದಲು 7.2. ಅಲ್ಲಿ ಸ್ವಲ್ಪ ಹುಷಾರು.

ಟಾರ್ಚ್: ಮೂರು ಸೆಲ್ಲಿನ ಅಡಾಪ್ಟರ್ ಇದ್ದರೆ ಮಾತ್ರ

ಹಳ್ಳಿ ಮನೆಯಲ್ಲಿ ಟಾರ್ಚ್ ಅಂದರೆ ಮೊಬೈಲಿನ ಬೆಳಕಿನ ಹಾಗೆ ಸುಮ್ನೆ ಇರಲಿ ಅಂತ ಇಟ್ಟುಕೊಳ್ಳುವುದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕತ್ತಲೆ. ರಾತ್ರಿ ಕೊಟ್ಟಿಗೆಯಲ್ಲಿ ದನ ಕೂಗಿದರೆ ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿಕೊಂಡು ಹೊರಡುತ್ತಾರೆ. ಅಂಗಳದಲ್ಲಿ ಪಾಚಿ, ದಾರಿಯಲ್ಲಿ ಕನ್ನಡಿಹಾವು ಇದ್ದರೂ ಇರಬಹುದು. ಅಂಥ ಹೊತ್ತಿನಲ್ಲಿ ಬೆಳಕು ಕೈಕೊಡಬಾರದು.

ನಾನು ಮೊದಲು ತಂದುಕೊಟ್ಟಿದ್ದು ಒಂದೇ ಸೆಲ್ ಹಿಡಿಯುವ ಅಡಾಪ್ಟರ್, ಎರಡು. ಅಗ್ಗವಾಗಿತ್ತು. ಅಪ್ಪಯ್ಯ ಟಾರ್ಚನ್ನು ಕೈಯಲ್ಲಿ ತೂಗಿ ನೋಡಿ, "ಇದು ಹಗೂರ ಆತಲೋ" ಅಂದರು. ಎರಡು ದಿನ ಚೆನ್ನಾಗಿಯೇ ಹತ್ತಿತು. ಮೂರನೇ ರಾತ್ರಿ ನಡೆಯುವಾಗ ಹೆಜ್ಜೆ ಹೆಜ್ಜೆಗೂ ಬೆಳಕು ಮಿಣಕ್ ಮಿಣಕ್ ಅನ್ನತೊಡಗಿತು. ಬಿಚ್ಚಿ ನೋಡಿದರೆ ಪೆನ್ಸಿಲ್ ಸೆಲ್ ಡಬ್ಬಿಯೊಳಗೆ ಗುಲಗಂಜಿ ಕಾಯಿಯ ಬೀಜದ ಹಾಗೆ ಗಲಗಲ ಅನ್ನುತ್ತಿತ್ತು. ಒಂದು ಕಡೆಯ ಬಿಲ್ಲೆ ಒಳಗೆ ಒತ್ತಿಹೋಗಿತ್ತು. ಬೆಳಕೂ ಬೇಗ ಮುಗಿಯಿತು. ಅರ್ಧ ಆಂಪಿಯರ್ ಎಳೆಯುವ ಟಾರ್ಚಿಗೆ 2000 ಎಂಎಎಚ್ ಅಂದರೆ ನಾಲ್ಕು ಗಂಟೆ ಅಷ್ಟೇ. ಮಳೆಗಾಲದ ಎರಡು ರಾತ್ರಿಗೂ ಸಾಲದು.

ಆಮೇಲೆ ಮೂರು ಪೆನ್ಸಿಲ್ ಸೆಲ್ ಹಿಡಿಯುವ ಅಡಾಪ್ಟರ್ ತರಿಸಿದೆ. ಇದರಲ್ಲಿ ಮೂರೂ ಸೆಲ್ ಪಕ್ಕಪಕ್ಕ ನಿಂತು ಒಟ್ಟಿಗೆ ಕೆಲಸ ಮಾಡುತ್ತವೆ. ವೋಲ್ಟ್ 1.2 ಹಾಗೇ ಇರುತ್ತದೆ, ಹೊಟ್ಟೆ ಮಾತ್ರ ಮೂರು ಪಟ್ಟು, 6000 ಎಂಎಎಚ್. ಅದೇ ಟಾರ್ಚಿಗೆ ಹನ್ನೆರಡು ಗಂಟೆ. ತೂಕವೂ ಕೈಗೆ ಸಿಗುತ್ತದೆ. ಒಳಗೆ ಅಲ್ಲಾಡುವುದೂ ಕಡಿಮೆ, ಮೂರು ಸೆಲ್ ಬಿಗಿಯಾಗಿ ತುಂಬಿಕೊಂಡಿರುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂರು ಸೆಲ್ಲಿನ ಅಡಾಪ್ಟರಿನಲ್ಲಿ ಒಂದು ಸೆಲ್ಲನ್ನು ತಲೆಕೆಳಗಾಗಿ ಹಾಕಿದರೆ ಉಳಿದ ಎರಡು ಅದರ ಮೂಲಕ ಶಾರ್ಟ್ ಆಗುತ್ತವೆ. ಟಾರ್ಚ್ ಹತ್ತಿಸದೇ ಇದ್ದರೂ ಸೆಲ್ ಕಾಯುತ್ತದೆ, ಪ್ಲಾಸ್ಟಿಕ್ ಕರಗುವಷ್ಟು ಕಾಯಬಹುದು. ಕತ್ತಲೆಯಲ್ಲಿ, ಗಡಿಬಿಡಿಯಲ್ಲಿ ಸೆಲ್ ಬದಲಿಸುವುದು ಬೇಡ. ಹಗಲು ಹೊತ್ತಿನಲ್ಲಿ ಇನ್ನೊಂದು ಜೊತೆ ತುಂಬಿಸಿ ಇಟ್ಟುಬಿಡಿ. ರಾತ್ರಿ ಬೇಕಾದರೆ ಅಡಾಪ್ಟರ್ ಸಮೇತ ತೆಗೆದು ಹಾಕಿದರೆ ಆಯಿತು. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ. ಪ್ಲಸ್ ಇರುವ ಕಡೆ ಆಯಿಗೆ ಕಾಣುವ ಹಾಗೆ ಉಗುರುಬಣ್ಣದ ಕೆಂಪು ಚುಕ್ಕಿ ಇಟ್ಟಿದ್ದೇನೆ.

ಎಲ್‌ಇಡಿ ಟಾರ್ಚುಗಳಲ್ಲಿ ಇನ್ನೊಂದು ವಿಷಯ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಎರಡು ಸೆಲ್ಲಿನ ಟಾರ್ಚಿನಲ್ಲಿ ವೋಲ್ಟ್ ಏರಿಸುವ ಸಣ್ಣ ಸರ್ಕ್ಯೂಟ್ ಇದ್ದರೆ ರೀಚಾರ್ಜ್ ಸೆಲ್ಲಿನಲ್ಲಿ ಚೆನ್ನಾಗಿ ಹತ್ತುತ್ತದೆ. ಸರ್ಕ್ಯೂಟ್ ಇಲ್ಲದ ಅಗ್ಗದ ಟಾರ್ಚಾದರೆ 2.4 ವೋಲ್ಟಿಗೆ ಮಂಕಾಗುತ್ತದೆ. ಅಂಗಡಿಯಲ್ಲಿ ಕೇಳಿದರೆ ಗೊತ್ತಾಗುವ ವಿಷಯ ಇದಲ್ಲ, ಮನೆಯಲ್ಲಿ ಹಾಕಿಯೇ ನೋಡಬೇಕು. ಹೊಸ ಸಾದಾ ಸೆಲ್ ಹಾಕಿ ಗೋಡೆಗೆ ಬೆಳಕು ಬಿಡಿ, ತಕ್ಷಣ ರೀಚಾರ್ಜ್ ಸೆಲ್ ಹಾಕಿ ಅದೇ ಗೋಡೆಗೆ ಬಿಡಿ. ಕಣ್ಣೇ ಹೇಳುತ್ತದೆ.

ಇನ್ನೊಂದು: ಬೆಳಕು ಮಂಕಾದ ಕೂಡಲೇ ಆರಿಸಿ, ಸೆಲ್ ತೆಗೆದು ಚಾರ್ಜಿಗೆ ಹಾಕಿ. ಕೊನೆ ಹನಿಯವರೆಗೂ ಹಿಂಡಿದರೆ ಈ ಸೆಲ್ಲುಗಳು ಕೆಡುತ್ತವೆ. ಸಾದಾ ಸೆಲ್ಲಿನ ಅಭ್ಯಾಸ ಇದ್ದವರಿಗೆ ಇದನ್ನು ಬಿಡುವುದು ಕಷ್ಟ. ಅಪ್ಪಯ್ಯನಿಗೆ ಇದು ರೂಢಿಯಾಗಲು ಒಂದು ಮಳೆಗಾಲವೇ ಬೇಕಾಯಿತು.

ಗ್ಯಾಸ್ ಗೀಸರ್: ದಯವಿಟ್ಟು ಬೇಡ

ಶಿರಸಿ ಮನೆಯಲ್ಲಿ ಬಚ್ಚಲ ಹಂಡೆ, ಅಡಿಕೆ ಸಿಪ್ಪೆ, ಸೋಗೆಯ ಉರಿ. ಅಲ್ಲಿ ಸೆಲ್ಲಿನ ಮಾತೇ ಇಲ್ಲ. ಕಾರವಾರದ ಮನೆಯಲ್ಲಿ ಗ್ಯಾಸ್ ಗೀಸರ್, ಕೆಳಗಿನ ಡಬ್ಬಿಯಲ್ಲಿ ಎರಡು ದೊಡ್ಡ ಸೆಲ್.

ನಲ್ಲಿ ತಿರುಗಿಸಿದಾಗ ಟಕಟಕ ಅಂತ ಕಿಡಿ ಹಾರುತ್ತದಲ್ಲ, ಸೆಲ್ಲಿನ ಕೆಲಸ ಅಲ್ಲಿಗೇ ಮುಗಿಯಿತು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಗ್ಯಾಸ್ ಬಿಡುವ ವಾಲ್ವನ್ನು ತೆರೆದು ಹಿಡಿದಿರುವುದೂ ಅದೇ ಸೆಲ್. ಸ್ನಾನ ಮುಗಿಯುವವರೆಗೆ ಅದು ಹಿಡಿದೇ ಇರಬೇಕು. ವೋಲ್ಟ್ ಕುಸಿದರೆ ವಾಲ್ವ್ ಮುಚ್ಚುತ್ತದೆ, ಉರಿ ಆರುತ್ತದೆ. ಅದು ಸುರಕ್ಷತೆಗೆ ಮಾಡಿದ ವ್ಯವಸ್ಥೆ, ಒಳ್ಳೆಯದೇ. ಆದರೆ ಒಂಟಿ ಸೆಲ್ಲಿನ ಅಡಾಪ್ಟರ್ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಆಗಿದ್ದು ಇದು: ಮೊದಲ ವಾರ ಎಲ್ಲ ಸರಿ. ಎರಡನೇ ವಾರದಲ್ಲಿ ಒಂದು ದಿನ ಕಿಡಿ ಹಾರುತ್ತದೆ, ಉರಿ ಹತ್ತುವುದಿಲ್ಲ. ನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟರೆ ಹತ್ತುತ್ತದೆ. ಐದು ನಿಮಿಷಕ್ಕೆ ಟಕ್ ಅಂತ ಆರುತ್ತದೆ. ಮತ್ತೆ ಟಕಟಕ. ಗ್ಯಾಸಿನ ಹತ್ತಿರ ಈ ಹತ್ತುವ ಆರುವ ಆಟ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಎರಡು ಸೆಲ್, ಎರಡು ಅಡಾಪ್ಟರ್, ಎಷ್ಟೊಂದು ಕೂಡುವ ಜಾಗ. ಬಚ್ಚಲ ಹಬೆ ಬೇರೆ.

ಈಗ ಅಲ್ಲಿ ಎರಡು ಆಲ್ಕಲೈನ್ ದೊಡ್ಡ ಸೆಲ್ ಇವೆ. ಬಹಳ ತಿಂಗಳು ಬರುತ್ತವೆ. ಗೀಸರ್ ಜೊತೆ ಬಂದ ಪುಸ್ತಕದಲ್ಲಿ ಯಾವ ಸೆಲ್ ಹಾಕಬೇಕು ಎಂದು ಬರೆದಿರುತ್ತದೆ, ಅದನ್ನೇ ಪಾಲಿಸಿ. ಈ ಮಾತು ಬಂದಿದ್ದಕ್ಕೆ ಇನ್ನೊಂದನ್ನೂ ಹೇಳಿಬಿಡುತ್ತೇನೆ: ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲಿನೊಳಗೆ ಇಡಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಜೀವ ಹೋಗುತ್ತದೆ.

ಗ್ಯಾಸ್ ಒಲೆಯ ಆಟೋ ಇಗ್ನಿಷನ್ ಮಾತ್ರ ಪರವಾಗಿಲ್ಲ. ಅಲ್ಲಿ ಸೆಲ್ ಕೊಡುವುದು ಬರೀ ಕಿಡಿ, ಒಂದೆರಡು ಸೆಕೆಂಡ್. ಕಿಡಿ ಬರದಿದ್ದರೆ ಲೈಟರ್ ಇದ್ದೇ ಇದೆ. ಒಂಟಿ ಸೆಲ್ಲಿನ ಅಡಾಪ್ಟರ್ ಇಲ್ಲಿ ತಿಂಗಳುಗಟ್ಟಲೆ ನಡೆದಿದೆ. ಟಾರ್ಚಿನಲ್ಲಿ ಸೋತ ಆ ಎರಡು ಅಡಾಪ್ಟರುಗಳಲ್ಲಿ ಒಂದಕ್ಕೆ ಹೀಗೆ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು.

ರೇಡಿಯೋ, ಗಡಿಯಾರ, ರಿಮೋಟ್ ಮತ್ತು ಉಳಿದವು

ರೇಡಿಯೋಗೆ ಅಡಾಪ್ಟರ್ ಬಹಳ ಚೆನ್ನಾಗಿ ಒಗ್ಗುತ್ತದೆ. ಲೆಕ್ಕ ನೋಡಿ. ಸಾಧಾರಣ ದನಿಯಲ್ಲಿ 50 ಮಿಲಿಆಂಪಿಯರ್ ಎಳೆಯುವ ರೇಡಿಯೋ ದಿನಕ್ಕೆ ಮೂರು ಗಂಟೆ ಹಾಡಿದರೆ 150 ಎಂಎಎಚ್ ಖರ್ಚು. ಒಂಟಿ ಸೆಲ್ಲಿನ ಅಡಾಪ್ಟರಿನಲ್ಲಿ ಹದಿಮೂರು ದಿನ, ಮೂರು ಸೆಲ್ಲಿನದ್ದಾದರೆ ನಲವತ್ತು ದಿನ. ಒಂದೇ ಕಡೆ ಇಟ್ಟು ಕೇಳುವುದರಿಂದ ಅಲ್ಲಾಡುವ ತೊಂದರೆಯೂ ಇಲ್ಲ. ಅಪ್ಪಯ್ಯನ ರೇಡಿಯೋಗೆ ನಾಲ್ಕು ಸೆಲ್ ಬೇಕು, 6ರ ಬದಲು 4.8 ವೋಲ್ಟ್. ದನಿ ಪೂರ್ತಿ ಏರಿಸಿದಾಗ ಸ್ವಲ್ಪ ಒಡೆಯುತ್ತದೆ. ಬೆಳಗಿನ ಕಾಫಿ ಹೊತ್ತಿಗೆ ಕೇಳುವಷ್ಟು ದನಿಯಲ್ಲಿ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಗೋಡೆ ಗಡಿಯಾರಕ್ಕೆ ರೀಚಾರ್ಜ್ ಸೆಲ್ ಹಾಕುವುದರಲ್ಲಿ ಅರ್ಥವಿಲ್ಲ. ಒಂದು ಸಾದಾ ಪೆನ್ಸಿಲ್ ಸೆಲ್ಲಿನಲ್ಲಿ ಅದು ವರ್ಷ ಓಡುತ್ತದೆ. ನೂರಾರು ರೂಪಾಯಿಯ ಸೆಲ್ಲನ್ನು ಅಲ್ಲಿ ಕೂಡಿಹಾಕಿ ಏನು ಉಪಯೋಗ? ನಾವು ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಮನೆ ಗುಡಿಸಿ ಸಾರಿಸುವಾಗ ಎಲ್ಲ ಗಡಿಯಾರದ ಸೆಲ್ ಬದಲಿಸುತ್ತೇವೆ, ನಿಂತಿರಲಿ ಬಿಡಲಿ. ಸೋರುವ ಮೊದಲೇ ಹೊರಗೆ ಬರುತ್ತದೆ. ರಿಮೋಟಿಗೂ ಹೀಗೆಯೇ, ಸಾದಾ ಸೆಲ್ ಸಾಕು.

ಮಕ್ಕಳ ಆಟದ ಕಾರು, ಕ್ಯಾಮೆರಾ ಫ್ಲ್ಯಾಶ್, ಇಂಥವಕ್ಕೆ ರೀಚಾರ್ಜ್ ಪೆನ್ಸಿಲ್ ಸೆಲ್ ಹೇಳಿ ಮಾಡಿಸಿದ್ದು. ಅಡಾಪ್ಟರೇ ಬೇಡ. ಜಾಸ್ತಿ ಕರೆಂಟ್ ಎಳೆಯುವಲ್ಲಿ ಸಾದಾ ಸೆಲ್ ಸೊರಗುತ್ತದೆ, ರೀಚಾರ್ಜ್ ಸೆಲ್ ಸೊರಗುವುದಿಲ್ಲ. ಹೆಚ್ಚು ಉಳಿತಾಯ ಆಗುವುದೂ ಇಲ್ಲೇ. ಬಿಪಿ ನೋಡುವ ಮಷಿನ್ನಿಗೆ ನಾಲ್ಕು ಪೆನ್ಸಿಲ್ ಸೆಲ್ ಬೇಕು. ರೀಚಾರ್ಜ್ ಸೆಲ್ ಹಾಕಿದರೆ ಸೆಲ್ ಮುಗಿಯಿತು ಎನ್ನುವ ಗುರುತು ಬೇಗ ಬರಬಹುದು. ವಯಸ್ಸಾದವರು ಗಾಬರಿಯಾಗುತ್ತಾರೆ, ಅಲ್ಲಿ ಆಲ್ಕಲೈನೇ ಇರಲಿ.

ಅಡಾಪ್ಟರಾ, ನಿಜವಾದ ದೊಡ್ಡ ರೀಚಾರ್ಜ್ ಸೆಲ್ಲಾ?

ಅಡಾಪ್ಟರಿನ ಗೋಜೇ ಬೇಡ, ನೇರವಾಗಿ ದೊಡ್ಡ ರೀಚಾರ್ಜ್ ಸೆಲ್ ತರಿಸೋಣ ಅಂತ ಅನ್ನಿಸುವುದು ಸಹಜ. ನನಗೂ ಅನ್ನಿಸಿತು. ಎರಡು ತರಿಸಿದೆ. ಬಂದ ಡಬ್ಬಿ ಕೈಯಲ್ಲಿ ಹಿಡಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಅಡುಗೆಮನೆಯ ತೂಕದ ಮಷಿನ್ ಮೇಲಿಟ್ಟೆ. ಒಂದು ಸೆಲ್ 60 ಗ್ರಾಂ ಕೂಡ ಬರಲಿಲ್ಲ. ನಿಜವಾದ ದೊಡ್ಡ ರೀಚಾರ್ಜ್ ಸೆಲ್ ಸುಮಾರು 150 ಗ್ರಾಂ ತೂಗಬೇಕು. ಪೆನ್ಸಿಲ್ ಸೆಲ್ ಒಂದು ಸುಮಾರು 27 ಗ್ರಾಂ. ಅಂದರೆ ಏನು? ದೊಡ್ಡ ಚಿಪ್ಪಿನೊಳಗೆ ಸಣ್ಣ ಸೆಲ್ ಇಟ್ಟು ಮುಚ್ಚಿ, ದೊಡ್ಡ ಸೆಲ್ ಅಂತ ಮಾರಿದ್ದರು. ಬಿಚ್ಚಲು ಬಾರದ ಅಡಾಪ್ಟರ್ ಅಷ್ಟೇ ಅದು.

ಇದನ್ನು ಗುರುತಿಸಲು ತಕ್ಕಡಿ ಬೇಕು ಅಂತೇನಿಲ್ಲ, ಮೇಲೆ ಬರೆದಿದ್ದು ಓದಿದರೆ ಸಾಕು. ನಿಜವಾದ ದೊಡ್ಡ ರೀಚಾರ್ಜ್ ಸೆಲ್ಲಿನಲ್ಲಿ 8000ದಿಂದ 10,000 ಎಂಎಎಚ್ ಎಂದಿರುತ್ತದೆ. 2000, 2500 ಎಂದಿದ್ದರೆ ಒಳಗಿರುವುದು ಪೆನ್ಸಿಲ್ ಸೆಲ್ಲಿನಷ್ಟೇ ಸರಕು. ಸಂಖ್ಯೆಯನ್ನೇ ಬರೆಯದಿದ್ದರೆ ಕೊಳ್ಳಲೇ ಬೇಡಿ.

ನಿಜವಾದದ್ದು ಸಿಕ್ಕರೆ ಟಾರ್ಚಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಾಡುವುದಿಲ್ಲ, ಬಿಲ್ಲೆಯ ತೊಂದರೆಯಿಲ್ಲ, ಹೊಟ್ಟೆ ತುಂಬಾ ಚಾರ್ಜ್. ಆದರೆ ಬೆಲೆ ಜಾಸ್ತಿ. ದೊಡ್ಡ ಸೆಲ್ ಕೂರುವ ಚಾರ್ಜರ್ ಬೇರೆಯೇ ಬೇಕು. ತುಂಬಲು ಬಹಳ ಹೊತ್ತು ಹಿಡಿಯುತ್ತದೆ, ಮಳೆಗಾಲದಲ್ಲಿ ಅಷ್ಟು ಹೊತ್ತು ಕರೆಂಟ್ ಇರಬೇಕಲ್ಲ. ಪೆನ್ಸಿಲ್ ಸೆಲ್ಲಾದರೆ ಇವತ್ತು ಟಾರ್ಚಿನಲ್ಲಿ, ನಾಳೆ ಮೊಮ್ಮಗನ ಕಾರಿನಲ್ಲಿ, ನಾಡಿದ್ದು ರೇಡಿಯೋದಲ್ಲಿ. ಒಂದೇ ಚಾರ್ಜರ್ ಎಲ್ಲಕ್ಕೂ ಆಗುತ್ತದೆ. ಹೀಗೆ ನೋಡಿದರೆ ದಿನಕ್ಕೆ ಗಂಟೆಗಟ್ಟಲೆ ಟಾರ್ಚ್ ಬಳಸುವವರಿಗೆ, ಗದ್ದೆ ಕಾಯುವವರಿಗೆ, ರಾತ್ರಿ ತೋಟಕ್ಕೆ ನೀರು ಬಿಡುವವರಿಗೆ ನಿಜವಾದ ದೊಡ್ಡ ಸೆಲ್ ಸರಿ. ಉಳಿದ ಮನೆಗಳಿಗೆ ಮೂರು ಸೆಲ್ಲಿನ ಅಡಾಪ್ಟರ್ ಸಾಕು.

ಈಗೀಗ ಯುಎಸ್‌ಬಿ ವೈರಿನಿಂದ ನೇರ ಚಾರ್ಜ್ ಆಗುವ ಲಿಥಿಯಂ ಪೆನ್ಸಿಲ್ ಸೆಲ್ಲುಗಳೂ ಬಂದಿವೆ. ಒಳಗಿರುವುದು 3.7 ವೋಲ್ಟಿನ ಲಿಥಿಯಂ ಸೆಲ್, ಸಣ್ಣ ಸರ್ಕ್ಯೂಟ್ ಅದನ್ನು 1.5ಕ್ಕೆ ಇಳಿಸಿ ಕೊಡುತ್ತದೆ. 1.2 ವೋಲ್ಟಿಗೆ ಮಂಕಾಗುವ ಟಾರ್ಚಿಗೆ ಇದು ಪರಿಹಾರ. ಆದರೆ ಆ ಸರ್ಕ್ಯೂಟಿನಿಂದ ಮೀಡಿಯಂ ವೇವ್ ರೇಡಿಯೋದಲ್ಲಿ ಗುಂಯ್ ಅನ್ನುವ ಗದ್ದಲ ಬರುತ್ತದೆ. ಮುಗಿಯುವಾಗ ಮಂಕಾಗುವುದೂ ಇಲ್ಲ, ಒಮ್ಮೆಲೇ ಆರುತ್ತದೆ. ಕತ್ತಲೆ ಕಾಡುದಾರಿಯಲ್ಲಿ ಮುನ್ಸೂಚನೆ ಇಲ್ಲದೆ ಆರುವ ಟಾರ್ಚನ್ನು ನಾನು ಅಪ್ಪಯ್ಯನ ಕೈಗೆ ಕೊಡುವುದಿಲ್ಲ. ಇವನ್ನು ಮೂರು ಮೂರು ಸೇರಿಸಿ ಅಡಾಪ್ಟರಿನಲ್ಲಿ ಹಾಕಲೂ ಬೇಡಿ, ಒಂದರ ಸರ್ಕ್ಯೂಟ್ ಇನ್ನೊಂದರ ಜೊತೆ ಹೊಂದಿಕೊಳ್ಳುವುದಿಲ್ಲ. ಮಾಮೂಲಿ ರೀಚಾರ್ಜ್ ಸೆಲ್ಲಿನ ಚಾರ್ಜರಿನಲ್ಲಂತೂ ಇಡಲೇಬಾರದು.

ಇದರ ಜೊತೆ 14500 ಎಂದು ಬರೆದ ಸೆಲ್ಲನ್ನು ಗೊಂದಲ ಮಾಡಿಕೊಳ್ಳಬೇಡಿ. ನೋಡಲು ಥೇಟ್ ಪೆನ್ಸಿಲ್ ಸೆಲ್. ಅಡಾಪ್ಟರಿನಲ್ಲೂ ಸರಿಯಾಗಿ ಕೂರುತ್ತದೆ. ಆದರೆ ಹೊರಗೆ ಬರುವುದು 3.7 ವೋಲ್ಟ್, ಪೂರ್ತಿ ತುಂಬಿದಾಗ 4.2. ರೇಡಿಯೋ, ಗಡಿಯಾರ, ಬಲ್ಬ್ ಯಾವುದಕ್ಕೆ ಹಾಕಿದರೂ ಸುಟ್ಟುಹೋಗಬಹುದು.

ಕೊಳ್ಳುವಾಗ, ಚಾರ್ಜ್ ಮಾಡುವಾಗ

ಮಾಮೂಲಿ 1.2 ವೋಲ್ಟಿನ ರೀಚಾರ್ಜ್ ಸೆಲ್ಲಿನಲ್ಲಿ ಎರಡು ಬಗೆ. ಹಳೇ ಬಗೆಯದ್ದು ಸುಮ್ನೆ ಇಟ್ಟರೂ ತಿಂಗಳಿಗೆ ಕಾಲು ಪಾಲು ಖಾಲಿಯಾಗುತ್ತದೆ. 2005ರಲ್ಲಿ ಜಪಾನಿನ ಸಾನ್ಯೋ ಕಂಪನಿ ಎನೆಲೂಪ್ ಹೆಸರಿನಲ್ಲಿ ಹೊಸ ಬಗೆ ತಂದಿತು. ಅದು ವರ್ಷ ಇಟ್ಟರೂ ಮುಕ್ಕಾಲು ಪಾಲಿಗಿಂತ ಜಾಸ್ತಿ ಚಾರ್ಜ್ ಉಳಿಸಿಕೊಳ್ಳುತ್ತದೆ. ಈಗ ಬೇರೆ ಕಂಪನಿಗಳೂ ಆ ಬಗೆಯದ್ದು ಮಾಡುತ್ತವೆ. ಅಂಗಡಿಯಿಂದ ತಂದ ಕೂಡಲೇ ಬಳಸಬಹುದು, ಪ್ರೀ-ಚಾರ್ಜ್ಡ್ ಎಂದು ಮೇಲೆ ಬರೆದಿರುತ್ತದೆ. ಟಾರ್ಚಿಗೆ ಇದನ್ನು ಬಿಟ್ಟು ಬೇರೆ ಬೇಡ. ಬೇಕಾದ ದಿನ ಟಾರ್ಚ್ ಖಾಲಿ ಇದ್ದರೆ ಏನು ಬಂತು? 2800, 3000 ಎಂದು ದೊಡ್ಡ ಸಂಖ್ಯೆ ಬರೆದ ಅಗ್ಗದ ಸೆಲ್ಲಿಗಿಂತ 2000 ಎಂದು ಬರೆದ ಒಳ್ಳೆ ಸೆಲ್ ಎಷ್ಟೋ ಮೇಲು.

ಒಂದು ಸಾಮಾನಿನಲ್ಲಿ ಹಾಕುವ ಎಲ್ಲ ಸೆಲ್ಲೂ ಒಂದೇ ಕಂಪನಿಯದ್ದು, ಒಂದೇ ದಿನ ತಂದಿದ್ದು, ಒಟ್ಟಿಗೆ ಚಾರ್ಜ್ ಮಾಡಿದ್ದು ಆಗಿರಬೇಕು. ಹಳೇದು ಹೊಸದು ಬೆರೆಸಿದರೆ ಎತ್ತು ಏರಿಗೆ, ಕೋಣ ನೀರಿಗೆ. ಸೋತ ಸೆಲ್ಲನ್ನು ಗಟ್ಟಿ ಸೆಲ್ಲುಗಳು ಎಳೆದಾಡಿ ಪೂರ್ತಿ ಕೆಡಿಸುತ್ತವೆ. ನಾನು ಪ್ರತಿ ಜೊತೆಗೂ ಮಾರ್ಕರಿನಲ್ಲಿ ಒಂದೊಂದು ಅಕ್ಷರ ಬರೆದಿದ್ದೇನೆ. ಕ ಸೆಲ್ಲುಗಳು ಟಾರ್ಚಿಗೆ, ಗ ಸೆಲ್ಲುಗಳು ರೇಡಿಯೋಗೆ. ಆಯಿ ಅಕ್ಷರ ನೋಡಿಯೇ ಚಾರ್ಜಿಗೆ ಹಾಕುತ್ತಾಳೆ.

ಚಾರ್ಜರಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡಿ. ಪ್ರತಿ ಸೆಲ್ಲಿಗೂ ಬೇರೆ ಬೇರೆ ದೀಪ ಇದ್ದು, ತುಂಬಿದ ಕೂಡಲೇ ತಾನೇ ನಿಲ್ಲುವಂಥದ್ದು ಬೇಕು. ಅಗ್ಗದವು ಎರಡೆರಡನ್ನು ಸೇರಿಸಿ ಚಾರ್ಜ್ ಮಾಡುತ್ತವೆ, ಒಂದು ತುಂಬಿ ಉಕ್ಕಿದರೂ ಇನ್ನೊಂದು ಅರ್ಧ. 200 ಮಿಲಿಆಂಪಿಯರಿನ ಚಾರ್ಜರಿನಲ್ಲಿ 2000 ಎಂಎಎಚ್ ಸೆಲ್ ತುಂಬಲು ಹನ್ನೆರಡು ಗಂಟೆಗೂ ಜಾಸ್ತಿ ಬೇಕು. ರಾತ್ರಿ ಕರೆಂಟ್ ಕೈಕೊಡುವ ಊರಿನಲ್ಲಿ ಇದಕ್ಕಿಂತ ಚುರುಕಾದದ್ದು ಒಳ್ಳೆಯದು. ಚಾರ್ಜ್ ಮಾಡುವಾಗ ಸೆಲ್ಲನ್ನು ಅಡಾಪ್ಟರಿನಿಂದ ಹೊರಗೆ ತೆಗೆಯಲೇಬೇಕು.

ಖರ್ಚಿನ ಲೆಕ್ಕ ನೀವೇ ಮಾಡಬಹುದು. ಚಾರ್ಜರ್, ಆರು ಸೆಲ್, ಎರಡು ಅಡಾಪ್ಟರ್, ಎಲ್ಲದರ ಬೆಲೆ ಕೂಡಿಸಿ. ಆ ದುಡ್ಡಿಗೆ ಸಾದಾ ದೊಡ್ಡ ಸೆಲ್ ಎಷ್ಟು ಜೊತೆ ಬರುತ್ತದೆ ನೋಡಿ. ವರ್ಷಕ್ಕೆ ಎರಡೇ ಜೊತೆ ಸಾಕಾಗುವ ಮನೆಯಾದರೆ ರೀಚಾರ್ಜ್ ಸೆಲ್ ಲಾಭವಲ್ಲ, ಆಲ್ಕಲೈನ್ ತಂದು ಸುಮ್ಮನಿರಿ. ತಿಂಗಳಿಗೆ ಒಂದು ಜೊತೆ ಖರ್ಚಾಗುವ ಮನೆಯಾದರೆ ಒಂದೆರಡು ವರ್ಷದಲ್ಲಿ ದುಡ್ಡು ವಾಪಸ್.

ಉಪ್ಪುಗಾಳಿ, ಬೂಷ್ಟು ಮತ್ತು ಸತ್ತ ಸೆಲ್

ಶಿರಸಿಯ ಮನೆಗಿಂತ ಕಾರವಾರದ ಮನೆಯಲ್ಲಿ ಅಡಾಪ್ಟರುಗಳು ಬೇಗ ಹಾಳಾಗುತ್ತವೆ. ಸಮುದ್ರದ ಗಾಳಿಗೆ ತೆಳು ತಗಡಿನ ಬಿಲ್ಲೆ ಒಂದೇ ಮಳೆಗಾಲದಲ್ಲಿ ಮಂಕಾಗಿ, ಅಂಚಿನಿಂದ ಕೆಂಪಗಾಗುತ್ತದೆ. ತಿಂಗಳಿಗೊಮ್ಮೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಟಾರ್ಚಿನ ಸ್ಪ್ರಿಂಗಿಗೂ ಅಷ್ಟೇ. ಬಳಸದ ಸೆಲ್ಲುಗಳನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಒಂದರ ತುದಿ ಇನ್ನೊಂದಕ್ಕೆ ತಾಗದ ಹಾಗೆ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಒಣಗಿಸಿ ಡಬ್ಬಿಗೆ ತುಂಬುವ ಹೊತ್ತಿಗೆ ನಾವು ಸೆಲ್ಲುಗಳನ್ನೂ ಒಮ್ಮೆ ಪೂರ್ತಿ ಚಾರ್ಜ್ ಮಾಡಿ ಇಟ್ಟುಕೊಳ್ಳುತ್ತೇವೆ.

ಹಳೇ ಸಾಮಾನಿನಲ್ಲಿ ಸೆಲ್ ಸೋರಿದ್ದರೆ ಅಡಾಪ್ಟರ್ ಹಾಕುವ ಮೊದಲು ತೊಳೆಯಬೇಕು. ಬಿಳಿ ಹರಳಿನ ಹಾಗೆ ಕಟ್ಟಿದ್ದರೆ ಅದು ಆಲ್ಕಲೈನ್ ಸೆಲ್ಲಿನದ್ದು, ಹತ್ತಿಯಲ್ಲಿ ಎರಡು ಹನಿ ನಿಂಬೆರಸ ಹಾಕಿ ಒರೆಸಿದರೆ ನೊರೆ ಬಂದು ಬಿಡುತ್ತದೆ. ಆಲ್ಕಲೈನ್ ಅಲ್ಲದ ಅಗ್ಗದ ಸಾದಾ ಸೆಲ್ಲಿನ ಕಂದು ನೀರು ಹುಳಿ ಗುಣದ್ದು, ಅದಕ್ಕೆ ಅಡುಗೆ ಸೋಡಾ. ಎರಡಕ್ಕೂ ಕೈಗೆ ಕವರ್ ಹಾಕಿಕೊಳ್ಳಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ.

ಸತ್ತ ಸೆಲ್ಲನ್ನು ತೋಟದ ಬುಡಕ್ಕೆ ಎಸೆಯುವ ಅಭ್ಯಾಸ ನಮ್ಮ ಊರಿನಲ್ಲೂ ಇತ್ತು. ಒಲೆಗೆ ಹಾಕುವವರೂ ಇದ್ದರು, ಅದು ಸಿಡಿಯುತ್ತದೆ. 2022ರಲ್ಲಿ ಬಂದ ಬ್ಯಾಟರಿ ಕಸದ ನಿಯಮದ ಪ್ರಕಾರ ಸಣ್ಣ ಸೆಲ್ಲನ್ನೂ ಮನೆಯ ಉಳಿದ ಕಸದಿಂದ ಬೇರೆ ಮಾಡಿಯೇ ಕೊಡಬೇಕು. ಅಟ್ಟದ ಮೇಲಿನ ಆ ತಳ ಹೋದ ಡಬ್ಬಿಯ ಸೆಲ್ಲುಗಳನ್ನು ಅಪ್ಪಯ್ಯ ಹಳೇ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ದೇವಿಮನೆ ಘಟ್ಟ ಇಳಿಯುವಾಗ ನನ್ನ ಕಾರಿನ ಡಿಕ್ಕಿಯಲ್ಲಿ ಇಟ್ಟರು. ಮೂವತ್ತೆಂಟು ಇದ್ದವು. ಕಾರವಾರದಲ್ಲಿ ಕಸದ ಗಾಡಿಯವರಿಗೆ ಬೇರೆಯಾಗಿ, ಒಳಗೆ ಏನಿದೆ ಎಂದು ಹೇಳಿ ಕೊಟ್ಟೆ.